ದಂಡಿನ ಕೋವಿ, ಮನೆಯ ಕೋವಿ

ನಮ್ಮ ನುಡಿಯಲ್ಲಿ 'ಮದ್ದು' ಎಂಬ ಒಂದೇ ಮಾತು ಎರಡು ಕೆಲಸ ಮಾಡುತ್ತದೆ. ಕಾಯಿಲೆಗೆ ಅರೆದು ಕುಡಿಸುವುದೂ ಮದ್ದು, ಕೋವಿಗೆ ತುಂಬಿ ಸಿಡಿಸುವುದೂ ಮದ್ದು. ಎರಡಕ್ಕೂ ಒಂದೇ ಹೆಸರಿಟ್ಟ ಹಿರಿಯರ ಮನಸ್ಸಿನಲ್ಲಿ ಏನಿತ್ತೋ ತಿಳಿಯದು. ಅಂತೂ ಎರಡರಲ್ಲಿಯೂ ಅಳತೆ ತಪ್ಪಿದರೆ ಅಪಾಯವೇ. 'ಕೋವಿ' ಎಂಬ ಮಾತಿನ ಕಥೆಯೂ ಸ್ವಾರಸ್ಯವಾದುದು. ಕೊಳವೆ ಎಂಬುದು ಅದರ ಹಳೆಯ ಅರ್ಥ. ತೆಲುಗಿನವರು ಕೊಳಲನ್ನು 'ಪಿಲ್ಲನಗ್ರೋವಿ' ಎನ್ನುವಾಗ ಕೇಳಿಬರುವ 'ಗ್ರೋವಿ' ಇದರ ದಾಯಾದಿ. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಮಂದಿ ನಮ್ಮ ದೇವನಹಳ್ಳಿಯ ಕಡೆ ಬಹಳ ಇರುವುದರಿಂದ ಅಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 'ಬಂದೂಕು' ಅರಬ್ಬಿಯಿಂದ ಬಂದದ್ದು. 'ತುಪಾಕಿ', 'ತೋಪು' ತುರ್ಕಿಯಿಂದ ಬಂದವು. 'ರೈಫಲ್' ಎಂಬುದು ಇಂಗ್ಲಿಷಿನದು; ಗೆರೆ ಕೊರೆಯುವುದು ಎಂದು ಅದರ ಮೂಲಾರ್ಥ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೆರೆಗಳನ್ನು ಕೊರೆದಿರುತ್ತಾರೆ. ಅವುಗಳ ಹಿಡಿತಕ್ಕೆ ಸಿಕ್ಕ ಗುಂಡು ಬುಗುರಿಯಂತೆ ಸುತ್ತುತ್ತ ಹೊರಟು, ದಾರಿ ತಪ್ಪದೆ ದೂರದ ಗುರಿಯನ್ನು ಮುಟ್ಟುತ್ತದೆ.

ಕನ್ನಡ ಪಂಡಿತನಿಗೆ ಕೋವಿಯ ಗೊಡವೆ ಏಕೆ ಎಂದು ನೀವು ಕೇಳಬಹುದು. ನಮ್ಮದು ಹಾಸನ ಜಿಲ್ಲೆಯ ಚನ್ನರಾಯಪಟ್ಟಣವಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿಗೆ ಸೇರಿದ ಚನ್ನರಾಯಪಟ್ಟಣ. ಹತ್ತಿರದಲ್ಲೇ ದೇವನಹಳ್ಳಿಯ ಕೋಟೆಯಿದೆ. ೧೭೪೯ರಲ್ಲಿ ಮೈಸೂರಿನ ದಂಡು ಆ ಕೋಟೆಗೆ ಮುತ್ತಿಗೆ ಹಾಕಿದಾಗಲೇ ಹೈದರ್ ಅಲಿಯೆಂಬ ಸಿಪಾಯಿಯ ಹೆಸರು ಮೊದಲು ಕೇಳಿಬಂದದ್ದು. ೧೭೯೧ರಲ್ಲಿ ಕಾರ್ನ್‌ವಾಲಿಸನ ದಂಡು ಅದೇ ಕೋಟೆಯನ್ನು ಹಿಡಿಯಿತು. ದಂಡು ನಡೆದ ನೆಲ ಅದು. ಇಂದಿಗೂ ನಮ್ಮ ಸುತ್ತಿನ ಹಳ್ಳಿಗಳಿಂದ ಸೈನ್ಯಕ್ಕೆ ಸೇರಿ, ಪಿಂಚಣಿ ಪಡೆದು ಬಂದು ದ್ರಾಕ್ಷಿ, ರಾಗಿ ಬೆಳೆದುಕೊಂಡಿರುವವರು ಇದ್ದಾರೆ. ಅಂಥ ಒಂದು ಮನೆಯಿಂದಲೇ ಈ ವಿಷಯ ನನ್ನ ಬಳಿಗೆ ಬಂತು.

ಆ ಮನೆಯ ಯಜಮಾನರು ಸೈನ್ಯದಿಂದ ನಿವೃತ್ತರಾದ ಮೇಲೆ ಬ್ಯಾಂಕೊಂದರಲ್ಲಿ ಕಾವಲಿನ ಕೆಲಸಕ್ಕೆ ನಿಂತಿದ್ದರು. ಆ ಕೆಲಸಕ್ಕೆ ಸ್ವಂತ ಕೋವಿ ಬೇಕಾದ್ದರಿಂದ ಪರವಾನಗಿ ಪಡೆದು ಒಂದು ಹಳೆಯ ರೈಫಲನ್ನು ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಮನೆಯವರು ಅದನ್ನು ನಿಯಮದಂತೆ ಠಾಣೆಗೆ ಒಪ್ಪಿಸಿ ರಶೀದಿ ಪಡೆದರು. ಕೆಲವು ದಿನಗಳ ಮೇಲೆ ಮಗ ಬಂದ. ನನ್ನ ಹಳೆಯ ವಿದ್ಯಾರ್ಥಿ. "ಮೇಷ್ಟ್ರೆ, ಡಿ.ಸಿ. ಆಫೀಸಿಗೆ ಒಂದು ಅರ್ಜಿ ಬರ್ಕೊಡಿ. ಅಪ್ಪನ ಕೋವಿ ನನ್ನ ಹೆಸರಿಗೆ ಮಾಡಿಸ್ಬೇಕು. ಆಮೇಲೆ ಅದನ್ನ ಸ್ವಲ್ಪ ಹೊಸದು ಮಾಡಿಸ್ತೀನಿ" ಎಂದ. ಹೊಸದು ಮಾಡುವುದೆಂದರೆ ಏನಪ್ಪಾ ಎಂದು ಕೇಳಿದೆ. ನಳಿಗೆಯನ್ನು ಒಂದು ಗೇಣು ಕುಯ್ಯಿಸಿ ಹಗುರ ಮಾಡುವುದು. ಮರದ ಹಿಡಿ ತೆಗೆದು ಕಪ್ಪು ಪ್ಲಾಸ್ಟಿಕ್ಕಿನದು ಹಾಕುವುದು. ಮೇಲೊಂದು ದುರ್ಬೀನು ಕೂರಿಸುವುದು. ಕಬ್ಬಿಣದ ಮೇಲಿನ ಹಳೆಯ ಅಕ್ಷರಗಳನ್ನೆಲ್ಲ ಉಜ್ಜಿಸಿ ಕನ್ನಡಿಯಂತೆ ಹೊಳೆಯಿಸುವುದು. ಇದನ್ನು ಕೇಳಿದ ತಾಯಿ ಮಾತ್ರ ಒಪ್ಪಲಿಲ್ಲ. "ನಿಮ್ಮಪ್ಪನ ಕೆನ್ನೆ ತಾಗಿ ತಾಗಿ ಆ ಮರ ಸವೆದದೆ. ಅದನ್ನೇ ಕಿತ್ತು ಬಿಸಾಕಿದ್ರೆ ಇನ್ನೇನು ಉಳೀತು?" ಎಂಬುದು ಆಕೆಯ ಮಾತು. ಅರ್ಜಿ ಬರೆಯುವ ಮೊದಲು ಆ ಕೋವಿ ಯಾವುದು, ಅದರ ಮೇಲೆ ಯಾರಿಗೆ ಎಷ್ಟು ಅಧಿಕಾರ ಎಂಬುದನ್ನು ನಾನು ಓದಿ ತಿಳಿಯಬೇಕಾಯಿತು.

ಸೈನ್ಯದ ಹಳೆಯ ರೈಫಲ್ ಎಂದರೆ ನಮ್ಮ ದೇಶದಲ್ಲಿ ಎಲ್ಲರ ಬಾಯಲ್ಲಿ ಬರುವ ಹೆಸರು 'ತ್ರೀ-ನಾಟ್-ತ್ರೀ'. ನಳಿಗೆಯ ಬಾಯಗಲ ಒಂದು ಅಂಗುಲದ ಸಾವಿರದಲ್ಲಿ ಮುನ್ನೂರ ಮೂರು ಭಾಗವೆಂದು ಆ ಹೆಸರಿನ ಅರ್ಥ. ಲೀ-ಎನ್‌ಫೀಲ್ಡ್ ಎಂಬುದು ಅದರ ಜಾತಿ. ಜೇಮ್ಸ್ ಪ್ಯಾರಿಸ್ ಲೀ ಎಂಬಾತ ಯಂತ್ರಭಾಗವನ್ನು ರೂಪಿಸಿದ. ಎನ್‌ಫೀಲ್ಡ್ ಎಂಬುದು ಲಂಡನ್ನಿನ ಉತ್ತರಕ್ಕಿರುವ ಕಾರ್ಖಾನೆಯ ಊರು. ಬಾಗಿಲಿನ ಚಿಲಕದಂತೆ ಎತ್ತಿ, ಎಳೆದು, ನೂಕಿ, ಇಳಿಸುವ ಬೋಲ್ಟು. ಹತ್ತು ತೋಟಾ ಹಿಡಿಯುವ ಪೆಟ್ಟಿಗೆ. ಸುಮಾರು ನಾಲ್ಕು ಕಿಲೋ ತೂಕ. ಕಲ್ಕತ್ತೆಯ ಬಳಿಯ ಇಶಾಪುರದ ಕಾರ್ಖಾನೆಯಲ್ಲಿ ೨೦ನೆಯ ಶತಮಾನದ ಮೊದಲ ದಶಕದಿಂದಲೇ ಇದನ್ನು ಮಾಡತೊಡಗಿದರು. ಎರಡು ಮಹಾಯುದ್ಧಗಳಲ್ಲಿ ಭಾರತೀಯ ಸಿಪಾಯಿಗಳು ಹೊತ್ತದ್ದು ಇದನ್ನೇ. ೧೯೬೨ರ ಚೀನಾ ಯುದ್ಧದಲ್ಲಿ ನಮ್ಮ ಯೋಧರ ಕೈಯಲ್ಲಿ ಬಹುಮಟ್ಟಿಗೆ ಇದ್ದದ್ದೂ ಇದೇ. ಆ ಬಳಿಕ ಇಶಾಪುರದವರು ಅದೇ ಮೈಕಟ್ಟನ್ನು ೭.೬೨ ಮಿಲಿಮೀಟರಿನ ಹೊಸ ತೋಟಾಕ್ಕೆ ಹೊಂದಿಸಿ ಕೊಟ್ಟರು. ಸೈನ್ಯ ಬಿಟ್ಟ ಮೇಲೂ ಪೊಲೀಸರ ಹೆಗಲಿನಿಂದ ಅದು ಇಳಿಯಲಿಲ್ಲ. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು ೨೦೨೦ರ ಗಣರಾಜ್ಯೋತ್ಸವದ ಪಥಸಂಚಲನದಲ್ಲಿ. ಕೆನಡಾದ ಹಿಮಪ್ರದೇಶದ ಕಾವಲುದಳದವರೂ ೧೯೪೭ರಿಂದ ಮೊದಲ್ಗೊಂಡು ಎಪ್ಪತ್ತು ವರ್ಷ ಇದನ್ನೇ ನಂಬಿದ್ದರು. ಎಣ್ಣೆಯೂ ಹೆಪ್ಪುಗಟ್ಟುವ ಚಳಿಯಲ್ಲಿ ಅದು ಕೈಕೊಡುತ್ತಿರಲಿಲ್ಲ ಎಂಬುದೇ ಕಾರಣ.

ಇಷ್ಟು ಹೆಸರಾದ ಕೋವಿ ನಮ್ಮ ದೇಶದ ಸಾಮಾನ್ಯನ ಮನೆಗೆ ಬರಲಿಲ್ಲ. ೧೮೫೭ರ ದಂಗೆಯ ನೆನಪು ಬ್ರಿಟಿಷರನ್ನು ಬಿಡಲೇ ಇಲ್ಲ. ಸೈನ್ಯದ ತೋಟಾ ಪ್ರಜೆಯ ಕೋವಿಗೆ ಹೊಂದಬಾರದು ಎಂಬುದು ಅವರ ಲೆಕ್ಕಾಚಾರ. ಆದ್ದರಿಂದ ಅದೇ ಲೀ-ಎನ್‌ಫೀಲ್ಡ್ ಮೈಕಟ್ಟಿಗೆ, ಆಸ್ಟ್ರಿಯಾದ ಮಾನ್‌ಲಿಕರ್ ರೈಫಲಿನ ೮ ಮಿಲಿಮೀಟರ್ ತೋಟಾದ ವಂಶದ ಬೇರೊಂದು ತೋಟಾವನ್ನು ಹೊಂದಿಸಿ, ಭಾರತದ ಪೇಟೆಗೆಂದೇ ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಮೊದಲಾದ ಕಂಪೆನಿಗಳು ಮಾಡಿ ಕಳಿಸಿದವು. ಇದೇ 'ತ್ರೀ-ಫಿಫ್ಟೀನ್'. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸರಕಾರದ ಕಾರ್ಖಾನೆಗಳೇ ಇದನ್ನು ಮಾಡಿದವು. ಸೆರೆಮನೆಯ ಕಾವಲಿಗೆಂದು ಇಶಾಪುರದಲ್ಲಿ ಕೆಲವು ತ್ರೀ-ನಾಟ್-ತ್ರೀಗಳ ನಳಿಗೆಯ ಗೆರೆಗಳನ್ನೇ ಕೊರೆದು ನುಣುಪು ಮಾಡಿ, ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವ ಸಣ್ಣ ಕೋವಿಯಾಗಿಸಿದ್ದೂ ಉಂಟು. ಕೋವಿಯನ್ನು ತಿದ್ದುವ ಕಲೆಯನ್ನು ನಮ್ಮಲ್ಲಿ ಮೊದಲು ನಡೆಸಿದ್ದು ಸರಕಾರವೇ ಎನ್ನಬಹುದು. ೧೮೭೮ರ ಆಯುಧ ಕಾಯಿದೆ ಹೋಗಿ ೧೯೫೯ರ ಕಾಯಿದೆ ಬಂದು, ೧೯೬೨ರಲ್ಲಿ ನಿಯಮಗಳಾದಾಗಲೂ ತ್ರೀ-ನಾಟ್-ತ್ರೀ ಮತ್ತು ೭.೬೨ರ ರೈಫಲುಗಳನ್ನು ಸಾಮಾನ್ಯ ಪರವಾನಗಿಯ ಆಚೆಗೇ ಇಟ್ಟರು. ನಮ್ಮ ಹುಡುಗನ ಮನೆಯಲ್ಲಿದ್ದದ್ದು ತ್ರೀ-ಫಿಫ್ಟೀನ್: ದಂಡಿಗೆ ಹೋದ ಅಣ್ಣನ ಮುಖಚಹರೆ ಹೊತ್ತು ಮನೆಯಲ್ಲೇ ಉಳಿದ ತಮ್ಮ.

ಬೇರೆ ದೇಶಗಳಲ್ಲಿ ಕಥೆ ಬೇರೆಯಾಯಿತು. ೧೯೪೫ರಲ್ಲಿ ಯುದ್ಧ ಮುಗಿದಾಗ ಲಕ್ಷಗಟ್ಟಲೆ ರೈಫಲುಗಳು ಉಗ್ರಾಣದಲ್ಲಿ ಬಿದ್ದವು. ಇಂಗ್ಲೆಂಡು, ಕೆನಡಾ, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಅವು ಅಗ್ಗಕ್ಕೆ ಮಾರಿಹೋದವು. ಕೊಂಡವನು ಬೇಟೆಗೆ ಹಗುರವಾಗಲೆಂದು ಮುಂದಿನ ಮರವನ್ನು ಕುಯ್ದ, ನಳಿಗೆಯನ್ನು ಮೊಟಕು ಮಾಡಿದ, ಬಯೊನೆಟ್ಟು ಸಿಕ್ಕಿಸುವ ಮೂತಿಯನ್ನು ಕಿತ್ತ. ಪಾರ್ಕರ್-ಹೇಲ್ ಎಂಬ ಕಂಪೆನಿಯಂತೂ ಇದನ್ನೇ ಒಂದು ಉದ್ಯಮವಾಗಿ ನಡೆಸಿತು. ಅಮೆರಿಕದಲ್ಲಿ ಅಂಚೆಯಲ್ಲಿ ದುಡ್ಡು ಕಳಿಸಿದರೆ ಅಂಚೆಯಲ್ಲೇ ರೈಫಲ್ ಬರುತ್ತಿತ್ತು. ೧೯೪೦ರಲ್ಲಿ ಇಟಲಿಯ ಟೆರ್ನಿ ಎಂಬಲ್ಲಿ ಸೈನ್ಯಕ್ಕೆಂದು ತಯಾರಾದ ಒಂದು ಕಾರ್ಕಾನೋ ರೈಫಲು, ಅಂಗಡಿಯವನು ಕೂರಿಸಿದ ದುರ್ಬೀನಿನೊಡನೆ, ೧೯ ಡಾಲರ್ ೯೫ ಸೆಂಟಿಗೆ ೧೯೬೩ರ ಮಾರ್ಚಿಯಲ್ಲಿ ಹೀಗೆ ಒಬ್ಬನ ಕೈಸೇರಿತು. ಅದೇ ವರ್ಷದ ನವೆಂಬರ್ ೨೨ರಂದು ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನೆಡಿಯವರ ಪ್ರಾಣ ತೆಗೆದದ್ದು ಅದು. ೧೯೬೮ರಲ್ಲಿ ಆ ದೇಶ ಅಂಚೆಯ ಮಾರಾಟವನ್ನೂ ಸೈನ್ಯದ ಹಳೆಯ ಕೋವಿಗಳ ಆಮದನ್ನೂ ಕಾನೂನಿನಿಂದ ತಡೆಯಿತು. ಕೋವಿಯನ್ನು ಯಾರು ಕೊಂಡರು, ಯಾರ ಹೆಸರಿನಲ್ಲಿ ಬರೆದರು ಎಂಬುದು ಬರಿಯ ಕಚೇರಿಯ ಕಾಗದವಲ್ಲವೆಂದು ತಿಳಿಯಲು ಅಷ್ಟು ದೊಡ್ಡ ಬೆಲೆ ತೆರಬೇಕಾಯಿತು.

ಇನ್ನೊಂದು ನಷ್ಟವೂ ಆಯಿತು. ಅದು ನನ್ನಂಥವನಿಗೆ ಬೇಗ ಅರ್ಥವಾಗುತ್ತದೆ. ಕುಯ್ದು ತಿದ್ದಿದ ರೈಫಲುಗಳು ಹೆಚ್ಚಾದಂತೆ ಮೂಲರೂಪದಲ್ಲಿ ಉಳಿದವು ಕಡಿಮೆಯಾದವು. ಇಂದು ಸಂಗ್ರಾಹಕರು ಬೆಲೆ ಕಟ್ಟುವುದು ಕೈಯಾಡಿಸದೆ ಉಳಿದವಕ್ಕೇ. ಹಳೆಯ ಓಲೆಗರಿಗಳ ವಿಷಯದಲ್ಲಿ ನಡೆದದ್ದೂ ಇದೇ. ಪ್ರತಿ ಮಾಡಿದವನೊಬ್ಬ ತನಗೆ ಅರ್ಥವಾಗದ ಹಳಗನ್ನಡದ ಮಾತನ್ನು 'ತಪ್ಪು' ಎಂದು ಬಗೆದು ತಿದ್ದಿಬಿಟ್ಟರೆ, ಕವಿ ಬರೆದದ್ದು ಏನೆಂದು ಮುಂದಿನವರಿಗೆ ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಆದ್ದರಿಂದ ಗ್ರಂಥಸಂಪಾದನೆ ಕಲಿಸುವ ಗುರುಗಳು ಮೊದಲು ಹೇಳುವ ಪಾಠ: ಮೂಲದ ಮೇಲೆ ಕೈಯಿಡಬೇಡ, ನಿನ್ನ ತಿದ್ದುಪಡಿಯನ್ನು ಅಡಿಟಿಪ್ಪಣಿಯಲ್ಲಿ ಹಾಕು, ಬೇಡವೆಂದವನು ಅದನ್ನು ಬಿಟ್ಟು ಓದಲಿ.

ರೈಫಲೂ ಒಂದು ಓಲೆಗರಿಯೇ. ಇಶಾಪುರದ ಹಳೆಯ ಲೀ-ಎನ್‌ಫೀಲ್ಡನ್ನು ವಸ್ತುಸಂಗ್ರಹಾಲಯದಲ್ಲಿ ನೋಡಿದರೆ, ಹಿಡಿಯ ಕತ್ತಿನ ಲೋಹದ ಪಟ್ಟಿಯ ಬಲಮಗ್ಗುಲಲ್ಲಿ ಕಿರೀಟ, ಅದರಡಿ ದೊರೆಯ ಹೆಸರಿನ ಮೊದಲಕ್ಷರಗಳು, ಕಾರ್ಖಾನೆಯ ಹೆಸರು, ವರ್ಷ, ಮಾದರಿ ಇವೆಲ್ಲ ಕಾಣುತ್ತವೆ. ಬೋಲ್ಟಿನ ಹಿಡಿಕೆಯ ಮೇಲೂ ಮೈಯ ಮೇಲೂ ಒಂದೇ ಅಂಕಿ ಇರುತ್ತದೆ. ಆ ಅಂಕಿ ಸುಮ್ಮನೆ ಹಾಕಿದ್ದಲ್ಲ. ಬೋಲ್ಟು ಮುಚ್ಚಿದಾಗ ಅದರ ಮುಖಕ್ಕೂ ತೋಟಾಕ್ಕೂ ನಡುವೆ ಉಳಿಯುವ ಅಂತರವನ್ನು ಆಯಾ ಕೋವಿಗೇ ಅಳೆದು ಕೂಡಿಸಿರುತ್ತಾರೆ. ಒಂದರ ಬೋಲ್ಟನ್ನು ಇನ್ನೊಂದಕ್ಕೆ ಹಾಕಿದರೆ, ಅಂತರ ಹೆಚ್ಚಾಗಿ ತೋಟಾದ ಹಿತ್ತಾಳೆ ಸೀಳಿ, ಬಿಸಿಗಾಳಿ ಹಿಂದಕ್ಕೆ, ಹಾರಿಸಿದವನ ಮುಖಕ್ಕೇ ನುಗ್ಗಬಹುದು. ಮುಂದಿನ ಮರವೂ ಅಲಂಕಾರಕ್ಕೆ ಇದ್ದದ್ದಲ್ಲ. ಅದು ನಳಿಗೆಯನ್ನು ಎಲ್ಲಿ ಎಷ್ಟು ಒತ್ತಬೇಕೆಂಬ ಲೆಕ್ಕದ ಮೇಲೆ ಗುರಿಯ ನಿಖರತೆ ನಿಂತಿದೆ. ಹಗುರವಾಗಲೆಂದು ನಳಿಗೆಯನ್ನು ಕುಯ್ದರೆ ಬಾಯಿಯ ಅಂಚು ಸೊಟ್ಟಗಾಗಿ ಗುಂಡು ಓರೆಯಾಗುತ್ತದೆ, ಸದ್ದೂ ಬೆಂಕಿಯ ಸೆಳಕೂ ಹೆಚ್ಚುತ್ತವೆ. ನೋಡಲು ಹೊಸದಾದ ಕೋವಿ, ಕೆಲಸದಲ್ಲಿ ಮೊದಲಿಗಿಂತ ಕೆಟ್ಟದಾಗುತ್ತದೆ.

ಕಾನೂನು ಏನೆನ್ನುತ್ತದೆ? ೧೯೫೯ರ ಕಾಯಿದೆಯ ೬ನೆಯ ಪ್ರಕರಣದಂತೆ, ಅದಕ್ಕೆಂದೇ ಪಡೆದ ಪರವಾನಗಿಯಿಲ್ಲದೆ ಯಾರೂ ಕೋವಿಯ ನಳಿಗೆಯನ್ನು ಮೊಟಕು ಮಾಡಕೂಡದು, ಒಂದು ವರ್ಗದ ಕೋವಿಯನ್ನು ಇನ್ನೊಂದು ವರ್ಗಕ್ಕೆ ಮಾರ್ಪಡಿಸಕೂಡದು. ೨೦೧೯ರ ತಿದ್ದುಪಡಿಯ ಮೇಲೆ ಈ ಅಪರಾಧಕ್ಕೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ. ೮ನೆಯ ಪ್ರಕರಣ ಕೋವಿಯ ಮೇಲಿನ ಗುರುತನ್ನೂ ಅಂಕಿಯನ್ನೂ ಅಳಿಸುವುದನ್ನು ನಿಷೇಧಿಸುತ್ತದೆ. ಕನ್ನಡಿಯಂತೆ ಹೊಳೆಯಿಸುವ ನಮ್ಮ ಹುಡುಗನ ಆಸೆ ನೇರವಾಗಿ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಅದೇ ತಿದ್ದುಪಡಿಯಿಂದ ಒಬ್ಬನು ಮೂರರ ಬದಲು ಎರಡೇ ಕೋವಿ ಇಟ್ಟುಕೊಳ್ಳಬಹುದು. ಪಿತ್ರಾರ್ಜಿತವಾಗಿ ಬಂದದ್ದಕ್ಕೂ ಇದೇ ಮಿತಿ. ಅಟ್ಟದ ಮೇಲೆ ಮುತ್ತಜ್ಜನ ಕಾಲದ ತುಕ್ಕು ಹಿಡಿದ ತುಪಾಕಿಯೊಂದು ಇದ್ದರೆ? ದುರಸ್ತಿ ಮಾಡಿದರೂ ಹಾರಿಸಲಾಗದ, ಬಳಕೆ ತಪ್ಪಿದ ಹಳೆಯ ಆಯುಧಕ್ಕೆ ೪೫ನೆಯ ಪ್ರಕರಣದಲ್ಲಿ ವಿನಾಯಿತಿಯುಂಟು. ಆದರೆ ಅದು ಹಾರುತ್ತದೋ ಇಲ್ಲವೋ ಎಂಬ ತೀರ್ಮಾನ ನಮ್ಮದಲ್ಲ. ಠಾಣೆಗೆ ತಿಳಿಸಿ, ಬಲ್ಲವರಿಂದ ತೋರಿಸಿಕೊಳ್ಳುವುದೇ ಸರಿ. ಹಾರಿಸಿ ನೋಡುತ್ತೇನೆಂಬ ಸಾಹಸ ಯಾರಿಗೂ ಬೇಡ.

ಇದನ್ನೆಲ್ಲ ಆ ತಾಯಿ-ಮಗನಿಗೆ ಓದಿ ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಇದ್ದ ಹಂಗೇ ಇಟ್ಕೊಬೇಕಾ ಮೇಷ್ಟ್ರೆ?" ಎಂದ. ಇದ್ದ ಹಾಗೆಯೇ ಕೆಟ್ಟುಹೋಗಲು ಬಿಡುವುದೂ ತಪ್ಪೇ ಎಂದೆ. ಅರ್ಜಿ ಬರೆದೆವು. ಉಳಿದ ವಾರಸುದಾರರ ಒಪ್ಪಿಗೆ, ಮರಣಪತ್ರ, ಕೋವಿ ಹಿಡಿಯುವ ತರಬೇತಿಯ ಪ್ರಮಾಣಪತ್ರ ಎಲ್ಲವನ್ನೂ ಕೂಡಿಸಿಕೊಂಡು ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೆ ಅವನು ಹಲವು ಸಲ ಓಡಾಡಿದ. ಪೊಲೀಸರ ವಿಚಾರಣೆಯೂ ಆಯಿತು. ತಿಂಗಳುಗಳು ಕಳೆದ ಮೇಲೆ ಕೋವಿ ಮನೆಗೆ ಬಂತು, ತಾಯಿಯ ಇಚ್ಛೆಯಂತೆ ಅದೇ ಮರದೊಡನೆ. ಹುಡುಗನ ಸಮಾಧಾನಕ್ಕೆ ಒಂದು ಹೊಸ ತೊಗಲಿನ ಪಟ್ಟಿ ಮಾತ್ರ ಸೇರಿತು. ಬೇಡವಾದಾಗ ಕಳಚಿದರೆ ಗುರುತೂ ಉಳಿಯದಂಥದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಅಡಿಟಿಪ್ಪಣಿ.

ಹಳೆಯ ಕೋವಿಗೆ ಮಾಡಬೇಕಾದ ಉಪಚಾರವೂ ಸೈನ್ಯದ ಹಳೆಯ ಪದ್ಧತಿಯಲ್ಲೇ ಇದೆ. ಲೀ-ಎನ್‌ಫೀಲ್ಡಿನ ಹಿಡಿಯ ತುದಿಗೆ ಹಿತ್ತಾಳೆಯ ತಗಡು, ಅದರಲ್ಲೊಂದು ಪುಟ್ಟ ಬಾಗಿಲು. ಒಳಗೆ ಎಣ್ಣೆಯ ಸೀಸೆ, ತುದಿಗೆ ತೂಕ ಕಟ್ಟಿದ ದಾರ. ದಾರಕ್ಕೆ ಬಟ್ಟೆಯ ಚೂರು ಸಿಕ್ಕಿಸಿ ನಳಿಗೆಯೊಳಗಿಂದ ಎಳೆದರೆ ಕೊಳೆ ಬರುತ್ತಿತ್ತು. ಹಳೆಯ ತೋಟಾಗಳನ್ನು ಹೊತ್ತಿಸುವ ಮದ್ದಿನಲ್ಲಿ ಒಂದು ಬಗೆಯ ಉಪ್ಪು ಉಳಿದು, ತೇವವನ್ನು ಸೆಳೆದು ತುಕ್ಕು ಹಿಡಿಸುತ್ತಿತ್ತು. ಎಣ್ಣೆಗೆ ಉಪ್ಪು ಕರಗದು, ನೀರಿಗೆ ಕರಗುತ್ತದೆ. ಆದ್ದರಿಂದ ಸಿಪಾಯಿಗಳು ಆಲಿಕೆ ಇಟ್ಟು ಕುದಿಯುವ ನೀರನ್ನೇ ನಳಿಗೆಗೆ ಹೊಯ್ಯುತ್ತಿದ್ದರು. ಬಿಸಿಯಾದ ನಳಿಗೆ ತಾನೇ ಒಣಗುತ್ತಿತ್ತು. ಆಮೇಲೆ ಎಣ್ಣೆ ಸವರುತ್ತಿದ್ದರು. ಮರಕ್ಕೆ ಅಗಸೆಯೆಣ್ಣೆ: ಅಂಗೈಯಲ್ಲಿ ಹಾಕಿಕೊಂಡು, ಮರ ಬೆಚ್ಚಗಾಗುವ ತನಕ ತಿಕ್ಕಬೇಕು. ಹೊಳೆಯುವ ವಾರ್ನಿಷು ಬೇಕಿಲ್ಲ, ಉಪ್ಪುಕಾಗದ ಖಂಡಿತ ಬೇಡ. ಮಾಡುವ ಮೊದಲು ತೋಟಾ ಇಲ್ಲವೆಂಬುದನ್ನು ಕಣ್ಣಾರೆ ಕಾಣಬೇಕು, ಬೆರಳಿನಿಂದಲೂ ಮುಟ್ಟಿ ನೋಡಬೇಕು. ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ ಇರಬೇಕು. ಎರಡರ ಕೀಲಿಯೂ ಮಕ್ಕಳ ಕೈಗೆ ಎಟುಕಬಾರದು. ದುರಸ್ತಿ ಏನಿದ್ದರೂ ಪರವಾನಗಿಯುಳ್ಳ ಕೋವಿ ಅಂಗಡಿಯವರಿಂದಲೇ ಆಗಬೇಕು. ಊರ ಲೇತಿನವನ ಕೈಗೆ ಕೊಡಬಾರದು.

ಮನೆಯಲ್ಲಿ ಕೋವಿ ಇರುವುದೆಂದರೆ ಏನೆಂದು ನಮ್ಮ ನಾಡಿನಲ್ಲೇ ನೋಡಿ ಕಲಿಯಬೇಕಾದರೆ ಕೊಡಗಿಗೆ ಹೋಗಬೇಕು. ಆಗಿನ ಕಮಿಷನರ್ ಮಾರ್ಕ್ ಕಬ್ಬನ್ ೧೮೬೧ರಲ್ಲಿ ಕೊಡಗಿನವರನ್ನು ನಿರಾಯುಧೀಕರಣದ ಕಾಯಿದೆಯಿಂದ ಬಿಟ್ಟುಕೊಟ್ಟ. ಸ್ವತಂತ್ರ ಭಾರತ ೧೯೬೩ರಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಆ ವಿನಾಯಿತಿಯನ್ನು ಉಳಿಸಿಕೊಟ್ಟಿತು. ೨೦೧೯ರಲ್ಲಿ ಅದನ್ನು ೨೦೨೯ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಿದರು. ಅದನ್ನು ಪ್ರಶ್ನಿಸಿದ್ದ ಅರ್ಜಿಯನ್ನು ನಮ್ಮ ಹೈಕೋರ್ಟು ೨೦೨೧ರಲ್ಲಿ ತಳ್ಳಿಹಾಕಿತು. ಕಟ್ಟುಪಾಡುಗಳಿಲ್ಲದ ವಿನಾಯಿತಿಯೇನೂ ಅದಲ್ಲ. ಅಲ್ಲಿಯೂ ಪ್ರಮಾಣಪತ್ರವಿದೆ, ಜಿಲ್ಲೆಯಿಂದ ಹೊರಗೆ ಒಯ್ಯುವುದಕ್ಕೆ ಮಿತಿಯಿದೆ. ಆದರೆ ಕಾನೂನಿನ ಕಟ್ಟಿಗಿಂತ ಬಿಗಿಯಾದ ಕಟ್ಟೊಂದು ಅಲ್ಲಿ ಮನೆಯೊಳಗೇ ಇದೆ. ನಾಟಿಯ ಕೆಲಸ ಮುಗಿದು ಸೆಪ್ಟೆಂಬರ್ ಮೊದಲಿಗೆ ಕೈಲ್‌ಪೊಳ್ದ್ ಹಬ್ಬ ಬಂದಾಗ ಕೋವಿಯನ್ನು ತೊಳೆದು ಒರೆಸಿ ದೇವರ ಮುಂದಿಡುತ್ತಾರೆ. ನಳಿಗೆಯ ಬಾಯಿಗೆ 'ತೋಕ್ ಪೂ', ಎಂದರೆ ಕೋವಿಯ ಹೂ, ಸಿಕ್ಕಿಸುತ್ತಾರೆ. ನಮ್ಮ ಕಡೆ ಅಗ್ನಿಶಿಖೆ ಎನ್ನುವ ಹೂವದು. ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು. ಆ ಸದ್ದನ್ನು ಕೇಳಿಯೇ ನೆರೆಹೊರೆಯವರು ಸುದ್ದಿ ತಿಳಿಯುವುದು ಅಲ್ಲಿಯ ಪದ್ಧತಿ. ಹುಟ್ಟುಸಾವಿನ ಸುದ್ದಿಯನ್ನೇ ಯಾವ ಧ್ವನಿಗೆ ಒಪ್ಪಿಸಿದ್ದಾರೋ ಅದನ್ನು ಕೋಪಕ್ಕೂ ಕುಡಿತದ ಅಮಲಿಗೂ ಬಳಸಲು ಹಿರಿಯರು ಬಿಡರು.

ದೇವನಹಳ್ಳಿಯ ತಾಯಿಗೂ ಕೊಡಗಿನ ಮನೆಗಳಿಗೂ ಗೊತ್ತಿರುವುದು ಒಂದೇ ಸಂಗತಿ. ಪೇಟೆಯಿಂದ ಕೊಂಡ ಸಾಮಾನು ನಮ್ಮ ಇಷ್ಟದ್ದು. ಹಿರಿಯರಿಂದ ಬಂದದ್ದು ಹಿಂದಿನವರಿಗೂ ಮುಂದಿನವರಿಗೂ ಸೇರಿದ್ದು, ನಡುವೆ ಕೆಲವು ವರ್ಷ ನಮ್ಮ ವಶದಲ್ಲಿ ಇರುವುದು. ಅದರಲ್ಲೂ ಪ್ರಾಣ ತೆಗೆಯಬಲ್ಲ ವಸ್ತುವಾದರೆ ಊರಿಗೂ ಅದರ ಮೇಲೊಂದು ಹಕ್ಕಿದೆ. ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸಿರೆಂದು ಕರೆ ಬಂದಾಗ ಕೆಲವರು ಗೊಣಗುತ್ತಾರೆ. ಗೊಣಗಬೇಕಾದ್ದಿಲ್ಲ. ನಮ್ಮ ಮನೆಯ ಕೋವಿ ಯಾರಿಗೂ ಭಯ ಹುಟ್ಟಿಸುವುದಿಲ್ಲವೆಂದು ಊರಿಗೆ ಕೊಡುವ ಭಾಷೆ ಅದು. ನಿಮ್ಮ ಮನೆಯಲ್ಲಿಯೂ ಅಜ್ಜನದೋ ಅಪ್ಪನದೋ ಇಂಥದೊಂದು ಇದ್ದರೆ ಅದರ ಪರವಾನಗಿಯ ಪುಸ್ತಕವನ್ನು ತೆಗೆದು ನೋಡಿ. ಅವಧಿ ಮುಗಿದಿದೆಯೋ ಏನೋ. ಕೋವಿಯ ಮೇಲಿನ ಅಂಕಿಯನ್ನೂ ಪುಸ್ತಕದ ಅಂಕಿಯನ್ನೂ ಹೋಲಿಸಿ ನೋಡಿ. ಅದನ್ನು ಹಿಡಿದವರ ಹೆಸರು, ಊರು, ಕಂಡ ಕಾಲ ಇವನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಇಟ್ಟುಕೊಳ್ಳಲು ಮನಸ್ಸಿಲ್ಲದಿದ್ದರೆ ಕಾನೂನಿನಂತೆ ಒಪ್ಪಿಸಿಬಿಡಿ. ಅದರಲ್ಲಿ ಹಿರಿಯರಿಗೆ ಅಗೌರವವೇನೂ ಇಲ್ಲ. ಇಟ್ಟುಕೊಳ್ಳುವುದ��ದರೆ ಎಣ್ಣೆ ಸವರಿ, ಬೀಗ ಹಾಕಿ, ಇದ್ದ ಹಾಗೆ ಕಾಪಾಡಿ.